ಹಾಡು ಇಳಿಯುವ ಜಾಗ

ಮೊನ್ನೆ ಸೊಸೆ ಒಗ್ಗರಣೆ ಸೌಟಿನಲ್ಲಿ ಎಳ್ಳೆಣ್ಣೆ ಹಾಕಿ, ಬೆಳ್ಳುಳ್ಳಿ ಎಸಳು ಜಜ್ಜಿ ಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತಿದ್ದಳು. ನನ್ನ ಕಿವಿಗೆ. ಕೆಲವು ದಿನಗಳಿಂದ ಬಲಗಿವಿಯಲ್ಲಿ ಹತ್ತಿ ತುರುಕಿದ ಹಾಗೆ ಆಗಿದೆ. ಟೀವಿ ಮುಂದೆ ಕೂತರೆ ಬಾಯಿ ಆಡೋದು ಕಾಣುತ್ತೆ, ಮಾತು ಅರ್ಧ ಬರುತ್ತೆ. ಡಾಕ್ಟರಿಗೂ ತೋರಿಸಿದ್ದಾಯ್ತು. "ವಯಸ್ಸಾಯ್ತಲ್ಲಮ್ಮಾ" ಅಂದರು. ನನಗೆ ವಯಸ್ಸಾಗಿದೆ ಅಂತ ನನಗೇ ಗೊತ್ತಿರಲಿಲ್ಲ ನೋಡಿ, ಅದನ್ನ ಕೇಳಿಕೊಂಡು ಬರೋಕೆ ಆಟೋ ಮಾಡಿಕೊಂಡು ಹೋಗಬೇಕಾಯ್ತು.

ಎಣ್ಣೆಯ ವಾಸನೆ ಅಡುಗೆಮನೆಯಿಂದ ಹಾಲಿಗೆ ಬಂತು. ಮಗನ ಈ ಜೀವನ್ ಬಿಮಾ ನಗರದ ಮನೆಯಲ್ಲಿ ಬೆಳ್ಳುಳ್ಳಿ ವಾಸನೆ ದಿನಾ ಇದ್ದದ್ದೇ. ಆದರೆ ಒಗ್ಗರಣೆಯ ಬೆಳ್ಳುಳ್ಳಿ ಬೇರೆ, ಕಿವಿಗೆ ಕಾಯಿಸಿದ ಬೆಳ್ಳುಳ್ಳಿ ಬೇರೆ. ಇದರಲ್ಲಿ ಹಸಿವು ಹುಟ್ಟಲ್ಲ. ಈ ವಾಸನೆಯನ್ನ ನಾನು ಮೊದಲು ಕಂಡಿದ್ದು ಫ್ರೇಜರ್ ಟೌನಿನ ಒಂದು ಹಿತ್ತಲಲ್ಲಿ, ಗೋಡೆಯ ಆಚೆ ಕಡೆಯಿಂದ... ಆಗ ಅದು ಏನು ಅಂತ ನನಗೆ ತಿಳಿದಿರಲಿಲ್ಲ. ಸಾಬರ ಮನೆ, ಏನೋ ಮಸಾಲೆ ಹುರೀತಿದ್ದಾರೆ ಅಂದುಕೊಂಡು ಸುಮ್ಮನಿದ್ದೆ.

ಗೋಡೆ ಆಚೆ ಇದ್ದವರನ್ನ ನಾನು ಆಪಾ ಅಂತ ಕರೆಯುತ್ತಿದ್ದೆ. ಅಕ್ಕಾ ಅನ್ನೋ ಹಾಗೆ. ಎರಡನೇ ಮಹಾಯುದ್ಧದ ಕಾಲ ಅದು. ನಾನು ಹುಟ್ಟಿ ಬೆಳೆದದ್ದು ಹಲಸೂರು. ನಮ್ಮಪ್ಪ ಕೆರೆ ಪಕ್ಕದಲ್ಲಿ ಹಸು ಕಟ್ಟಿಕೊಂಡು ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳಿಗೆ ಹಾಲು ಹಾಕುತ್ತಿದ್ದರು. ಮದುವೆಯಾದ ಮೇಲೆ ನಮ್ಮ ಯಜಮಾನರು ವಿಮಾನದ ಕಾರ್ಖಾನೆಗೆ ಸೇರಿದರು. ಕಾರ್ಖಾನೆ ಹತ್ತಿರ ಮನೆ ಎಲ್ಲೂ ಸಿಗದೆ ಫ್ರೇಜರ್ ಟೌನಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು, ಅಲ್ಲಿಂದ ದಿನಾ ಸೈಕಲ್ ತುಳಿಯುತ್ತಿದ್ದರು. ಈಗ ಅಲ್ಲಿ ಪುಲಿಕೇಶಿನಗರ ಅಂತ ಬೋರ್ಡು ಇದೆ. ನಮ್ಮ ಎರಡು ಕೋಣೆಗೆ ಅಂಟಿಕೊಂಡೇ ಮನೆ ಮಾಲೀಕರ ದೊಡ್ಡ ಮನೆ. ಮಾಲೀಕರನ್ನ ಎಲ್ಲರೂ ಸಾಹೇಬರು ಅನ್ನೋರು. ಈಗಿನ ಶಿವಾಜಿನಗರದಲ್ಲಿ ಕುದುರೆ ಜೀನು, ಚರ್ಮದ ಬೆಲ್ಟು ಹೊಲಿಸಿ ಮಿಲಿಟರಿಗೆ ಒದಗಿಸುತ್ತಿದ್ದ ವ್ಯಾಪಾರ ಅವರದು. ಆಪಾ ಅವರ ಹೆಂಡತಿ.

ನಮ್ಮ ಪರಿಚಯ ಆಗಿದ್ದು ಹಾಡಿನಿಂದಲೇ. ನಾನು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಏನೋ ದೇವರನಾಮ ಹೇಳಿಕೊಳ್ಳುತ್ತಿದ್ದೆ. ಬೂದಿ ಕೈ, ತಲೆ ಕೆದರಿದೆ, ಯಾರು ನೋಡಬೇಕು ಅಂತ ಗಂಟಲು ಬಿಟ್ಟೇ ಹಾಡುತ್ತಿದ್ದೆ. ಆಚೆ ಕಡೆ ಯಾರೋ ಕೆಮ್ಮಿದ ಹಾಗಾಗಿ ಟಕ್ ಅಂತ ನಿಲ್ಲಿಸಿದೆ.

"ಅಯ್ಯೋ, ನಿಲ್ಸಿದ್ದು ಯಾಕೆ? ಹಾಡು ಮಾ, ಹಾಡು" ಅಂತ ಗೋಡೆಯೇ ಮಾತಾಡಿತು.

ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದು ಸಂದು ಆಗಿತ್ತು. ಅದರ ಹತ್ತಿರ ಹೋಗಿ ನೋಡಿದರೆ ಕಣ್ಣು ಕಾಣಲಿಲ್ಲ, ಮೂಗು ಕಾಣಲಿಲ್ಲ, ಒಂದು ಕಿವಿ ಕಾಣಿಸಿತು. ಬಂಗಾರದ ಸಣ್ಣ ಬಾಲಿ ಹಾಕಿದ ಎಡಗಿವಿ. ಆಪಾ ಕಿವಿಯನ್ನ ಸಂದಿಗೆ ಇಟ್ಟು ನಿಂತಿದ್ದರು. ನನಗೆ ನಗು ಬಂತು, ಜೋರಾಗಿ ನಕ್ಕುಬಿಟ್ಟೆ. ಅವರೂ ನಕ್ಕರು. ಅವತ್ತು ಮಧ್ಯಾಹ್ನವೇ ನಾನು ಅವರ ಮನೆಯ ಒಳಗಿದ್ದೆ.

ಒಳಗೆ ಹೋದರೆ ಏನು ನೋಡ್ತೀರಿ, ಜಮಖಾನದ ಮೇಲೆ ರಾಣಿ ಹಾಗೆ ಗ್ರಾಮಫೋನು ಕೂತಿತ್ತು! ಅದರ ಪಕ್ಕ ಪ್ಲೇಟುಗಳ ಪೆಟ್ಟಿಗೆ. ಆಪಾ ಪರದೆ ಮನೆತನದವರು, ಅಂಗಡಿ ಬೀದಿಗೆ ಹೋಗೋ ಹಾಗಿರಲಿಲ್ಲ. ಹಾಡಿನ ಹುಚ್ಚು ಮಾತ್ರ ವಿಪರೀತ. ಪ್ಲೇಟು ತರೋರು ಸಾಹೇಬರು. ಅವರಿಗೆ ಹಾಡು ಅಂದರೆ ಏನು ಅಂತ ಸುತರಾಂ ತಿಳಿಯುತ್ತಿರಲಿಲ್ಲ. ತಂದಿದ್ದನ್ನೇ ಮತ್ತೆ ತರೋರು. ಒಂದು ಸಲ ಯಾವುದೋ ನಗೆ ಚಟಾಕಿಯ ಪ್ಲೇಟು ತಂದುಕೊಟ್ಟು ಒಳ್ಳೇ ಗಾಯನ ಅಂದರಂತೆ. ಆಪಾ ರೇಗಿದರೆ, "ಅರೆ, ಎಲ್ಲಾ ಕರೀ ರೊಟ್ಟೀನೇ ಅಲ್ವಾ? ನನಗೇನು ಗೊತ್ತಾಗುತ್ತೆ?" ಅನ್ನೋರು. ಪಾಪ, ಒಳ್ಳೇ ಮನುಷ್ಯ. ಹೆಂಡತಿ ಕೇಳಿದ್ದಕ್ಕೆ ಇಲ್ಲ ಅಂದಿದ್ದು ನಾನು ಕಾಣೆ.

ಇನ್ನೊಂದು ತೊಡಕೂ ಇತ್ತು. ಪ್ಲೇಟು ಮಾಡೋದು ಅರಗಿನಿಂದ. ಯುದ್ಧದಲ್ಲಿ ಅರಗಿಗೂ ಬರ ಬಂದಿತ್ತಂತೆ. ಹಳೇ ಪ್ಲೇಟು ಒಂದು ತಂದು ಕೊಟ್ಟರೆ ಮಾತ್ರ ಹೊಸ ಪ್ಲೇಟು ಒಂದು ಅಂತ ದಂಡಿನ ಆ ಅಂಗಡಿಯವರು ಕಟ್ಟಳೆ ಮಾಡಿದ್ದರು. ಹಳೇದನ್ನೆಲ್ಲ ಮೂಟೆ ಕಟ್ಟಿ ಕರಗಿಸೋಕೆ ಕಳಿಸುತ್ತಿದ್ದರು. ಎಲ್ಲಾ ಕಡೆ ಹೀಗಿತ್ತೋ, ಅವರ ಒಬ್ಬರದೇ ಕಟ್ಟಳೆಯೋ, ನನಗೆ ಗೊತ್ತಿಲ್ಲ. ಅಂತೂ ಒಂದು ಹಾಡು ಮನೆಗೆ ಬರಬೇಕು ಅಂದರೆ ಇನ್ನೊಂದು ಹಾಡು ಹೋಗಬೇಕು. ಸಾಹೇಬರು ಆರಿಸದೆ ತಂದರೆ ಎರಡೂ ದಂಡ.

ಅದಕ್ಕೆ ಆಪಾ ನನ್ನನ್ನ ಹಿಡಿದರು. ನಾನು ತರಕಾರಿಗೆ ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆ, ಅಂಗಡಿ ಅದೇ ದಾರಿಯಲ್ಲಿ ಸಿಗುತ್ತಿತ್ತು. ಹೊಸ ಪ್ಲೇಟು ಬಂದರೆ ಅಂಗಡಿಯವರು ಬೀದಿಗೆ ಕೇಳೋ ಹಾಗೆ ಹಾಕೋರು. ನಾನು ಅಲ್ಲಿ ನಿಂತು ಕೇಳಬೇಕು. ಕೇಳಿದ ರಾಗವನ್ನ ಮನೆ ತನಕ ಹೊತ್ತುಕೊಂಡು ಬಂದು ಗೋಡೆಯ ಸಂದಿಯಲ್ಲಿ ಹಾಡಿ ತೋರಿಸಬೇಕು. ಆಪಾ ಕೇಳಿ, "ಹೌ, ಇದು ಬೇಕು" ಅಂದರೆ ಸಾಹೇಬರು ಹಳೇ ಪ್ಲೇಟು ಹಿಡಿದು ಹೋಗಿ, "ಆ ಅಮ್ಮ ಆರಿಸಿಟ್ಟಿದ್ದು ಕೊಡಿ" ಅಂತ ತರೋರು. "ನಕ್ಕೋ" ಅಂದರೆ ಬೇಡ, ಅಲ್ಲಿಗೆ ಮುಗಿಯಿತು.

ಹೇಳೋಕೆ ಸುಲಭ. ಅಂಗಡಿಯಿಂದ ಮನೆಗೆ ಆ ರಾಗ ತರೋದಿದೆಯಲ್ಲ, ತುಂಬಿದ ಬಿಂದಿಗೆ ತಂದ ಹಾಗೆ. ಹಿಂದಿಯೋ ಉರ್ದುವೋ, ಮಾತು ನನಗೆ ಒಂದೂ ತಿಳಿಯದು. ನಾನಾ ನಾನಾ ಅಂತ ಬಾಯೊಳಗೇ ಹೇಳಿಕೊಂಡು, ಕೈಯಲ್ಲಿ ಹುರುಳಿಕಾಯಿ ಚೀಲ ಹಿಡಿದು, ಮಿಲಿಟರಿ ಲಾರಿಗಳ ಪಕ್ಕದಲ್ಲಿ ತಲೆ ತಗ್ಗಿಸಿ ಬರೋದು. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಮುಗಿದೇ ಹೋಯ್ತು. ಹಲಸೂರಿನ ನಮ್ಮ ಸೋದರತ್ತೆ ಒಂದು ಸಲ ಎದುರಿಗೇ ಸಿಕ್ಕಿ, "ಏನೇ, ಚೆನ್ನಾಗಿದ್ದೀಯಾ?" ಅಂದರು. ನಾನು ತಲೆ ಆಡಿಸಿ ಮುಂದೆ ನಡೆದೆ. ಬಾಯಿ ತೆಗೆದರೆ ಹಾಡು ಚೆಲ್ಲುತ್ತಲ್ಲ! ಗಂಡನಿಗೆ ಕಾರ್ಖಾನೆ ಕೆಲಸ ಸಿಕ್ಕಿದ ಮೇಲೆ ಇವಳಿಗೆ ಕಣ್ಣು ನೆತ್ತಿಗೆ ಹೋಗಿದೆ ಅಂತ ಅವರು ಹಲಸೂರೆಲ್ಲ ಹೇಳಿಕೊಂಡು ಬಂದರು. ಅದನ್ನ ನಮ್ಮಮ್ಮ ಸಾಯೋ ತನಕ ನನಗೆ ಆಡಿ ತೋರಿಸಿದ್ದಾರೆ.

ಮೊದಮೊದಲು ನನಗೆ ಆ ಉತ್ತರದ ಹಾಡುಗಳೆಲ್ಲ ಒಂದೇ ಥರ ಅಳು ಅನ್ನಿಸುತ್ತಿತ್ತು. ಹಾಗಂತ ಆಪಾಗೇ ಹೇಳಿದೆ. ನಮ್ಮ ಕಡೆಯ ಸಂಗೀತದ ಪ್ಲೇಟು ಒಂದನ್ನ ಕೇಳಿಸಿದರೆ ಅವರು, "ಒಳ್ಳೇದೇ ಮಾ, ಆದ್ರೆ ಇವರೆಲ್ಲ ಯಾರ ಮೇಲೆ ಜಗಳಕ್ಕೆ ಹೊರಟಿದ್ದಾರೆ?" ಅಂದರು. ಲೆಕ್ಕ ಸರಿಹೋಯ್ತು. ದಿನ ಕಳೆದ ಹಾಗೆ ಅವರಿಗೆ ನಮ್ಮ ಜಗಳ ರುಚಿಸಿತು, ನನಗೆ ಅವರ ಅಳು ರುಚಿಸಿತು. ಹೊಸ ದನಿ ಒಂದು ಸಿಕ್ಕಿದರೆ ಇಬ್ಬರಿಗೂ ಹಬ್ಬ. ನಾನು ಓಡೋಡಿ ಬಂದು, ಚೀಲ ಇಳಿಸದೆ ಗೋಡೆಗೆ ಬಾಯಿ ಇಡುತ್ತಿದ್ದೆ. ಒಲೆಯ ಮೇಲಿನ ಅನ್ನ ಎಷ್ಟೋ ಸಲ ಸೀದಿದೆ. ಯಜಮಾನರು ಸೀದ ಅನ್ನವನ್ನೇ ಉಂಡು ಸೈಕಲ್ ಹತ್ತಿದ್ದಾರೆ, ಒಂದು ಮಾತು ಆಡಿಲ್ಲ.

ಆಪಾ ಪ್ಲೇಟು ಕೇಳೋ ರೀತಿಯೇ ಬೇರೆ. ನೆಲದ ಮೇಲೆ ಕೂತು, ಎಡಗೆನ್ನೆಯನ್ನ ಪೆಟ್ಟಿಗೆಯ ಮರಕ್ಕೆ ಒತ್ತಿ, ಕಣ್ಣು ಮುಚ್ಚಿಬಿಡೋರು. ನನ್ನನ್ನ ಯಾವಾಗಲೂ ತಮ್ಮ ಎಡಗಡೆಯೇ ಕೂರಿಸಿಕೊಳ್ಳೋರು. ಉಕ್ಕಿನ ಮುಳ್ಳು ಸಿಗದ ಆ ಕಾಲದಲ್ಲಿ ಎಲ್ಲರೂ ಜಾಲಿ ಮುಳ್ಳನ್ನೇ ಕತ್ತರಿಸಿ ಗ್ರಾಮಫೋನಿಗೆ ಸಿಕ್ಕಿಸುತ್ತಿದ್ದರು. ಆಪಾ ಮಾತ್ರ, "ಜಾಲಿ ಮುಳ್ಳು ನಕ್ಕೋ, ದನಿ ಸಣ್ಣಗಾಗುತ್ತೆ" ಅಂತ ಎಲ್ಲೆಲ್ಲಿಂದಲೋ ಉಕ್ಕಿನದನ್ನೇ ತರಿಸೋರು. ದುಡ್ಡಿನ ದೌಲತ್ತು ಅಂದುಕೊಂಡೆ. ಎಲ್ಲಕ್ಕಿಂತ ನನಗೆ ಅರ್ಥವಾಗದೆ ಇದ್ದದ್ದು, ಅಷ್ಟು ಆಸೆಪಟ್ಟು ತರಿಸಿದ ಪ್ಲೇಟನ್ನ ಕೆಲವು ದಿನ ಕೇಳಿ, "ಅಂದರ್ ಗಯಾ, ಒಳಗೆ ಹೋಯ್ತು" ಅಂತ ತಲೆ ತಟ್ಟಿಕೊಂಡು, ಕೊಡೋ ಪ್ಲೇಟುಗಳ ಜೊತೆಗೆ ಇಟ್ಟುಬಿಡೋರು. ಆಮೇಲೆ ಅದನ್ನ ಹಾಕುತ್ತಲೇ ಇರಲಿಲ್ಲ. ನನಗೋ ಒಂದು ಹಾಡು ಹಿಡಿಸಿದರೆ ಅದನ್ನೇ ನೂರು ಸಲ ಕೇಳೋ ಆಸೆ. "ಯಾಕೆ ಆಪಾ, ಇಷ್ಟು ಬೇಗ ಬೇಜಾರಾ?" ಅಂದರೆ, "ಹೊಸದು ತಾ ಛೋಟಿ, ಹೊಸದು ತಾ" ಅನ್ನೋರು. ಛೋಟಿ ಅಂದರೆ ಚಿಕ್ಕೋಳು. ನನ್ನ ಹೆಸರನ್ನ ಅವರು ಕರೆದೇ ಇಲ್ಲ.

ಅವರು ಯಾರಿಗೂ ಕೊಡದೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಿದ್ದು ಒಂದೇ ಒಂದು ಪ್ಲೇಟು. ಅವರ ಅಮ್ಮನದಂತೆ. ಸುತ್ತಲೂ ಸವೆದು ಬೂದು ಬಣ್ಣಕ್ಕೆ ತಿರುಗಿತ್ತು. ಅದನ್ನ ಹಾಕಿ ಕೇಳಿದ್ದನ್ನ ನಾನು ಕಂಡಿಲ್ಲ, ಮುಟ್ಟೋಕೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಅಂಗಡಿಯಲ್ಲಿ ಹೊಸದೊಂದು ಹೆಣ್ಣು ದನಿ ಕೇಳಿದೆ. ಯಾರೋ ಏನೋ, ಅದಕ್ಕೆ ಮುಂಚೆ ಕೇಳಿದ್ದೇ ಇಲ್ಲ. ದನಿಯಲ್ಲಿ ಸ್ವಲ್ಪ ಮರಳು ಇದ್ದ ಹಾಗೆ. ಬಾಗಿಲು ತೆರೆದೇ ಇಟ್ಟಿದ್ದೀನಿ, ದೀಪಕ್ಕೆ ಎಣ್ಣೆ ಹಾಕಿದ್ದೀನಿ ಅನ್ನೋ ಅರ್ಥದ ಹಾಡು ಅಂತ ಆಮೇಲೆ ಆಪಾ ಹೇಳಿದ್ದು. ನಾನು ಅದನ್ನ ಬಾಯಲ್ಲಿ ಹೊತ್ತುಕೊಂಡು ಬಂದೆ. ಯಾರೂ ಮಾತಾಡಿಸಲಿಲ್ಲ, ಒಂದು ತೊಟ್ಟೂ ಚೆಲ್ಲಲಿಲ್ಲ ಅಂತ ನನಗೆ ಧೈರ್ಯ. ಗೋಡೆಯ ಸಂದಿಯಲ್ಲಿ ಹಾಡಿದೆ. ಆಚೆ ಕಡೆ ಸದ್ದಿಲ್ಲ.

"ಆಪಾ, ಇದ್ದೀರಾ?"

"ಇನ್ನೊಂದು ಸಲ" ಅಂದರು. ಹಾಡಿದೆ. "ಆ ಇಳಿಯೋ ಜಾಗ ಇದೆಯಲ್ಲ, ಎರಡನೇ ಸಾಲಿನಲ್ಲಿ, ಅದು ಮಾತ್ರ..." ಅಂದರು. ಅದನ್ನ ಮತ್ತೆ ಹಾಡಿದೆ. ಮೇಲೆ ಹೋದ ದನಿ ಅಲ್ಲಿ ಒಮ್ಮೆ ತಡೆದು, ತೂಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು. ಆಪಾ ಆಚೆ ಕಡೆ ಅಳುತ್ತಿದ್ದರು. ನಾನು ಪಾತ್ರೆ ಉಜ್ಜೋಕೆ ಕೂತೆ.

ಆ ಸಲ ಕೊಡೋ ಪ್ಲೇಟುಗಳು ಮುಗಿದುಹೋಗಿದ್ದವು. ಕೆಲವು ಒಡೆದು ಹೋಗಿದ್ದವು, ಉಳಿದದ್ದು ಇನ್ನೂ ಆಪಾರ ಒಳಗೆ ಹೋಗಿರಲಿಲ್ಲವೋ ಏನೋ. ಅವರು ತಳದಲ್ಲಿದ್ದ ಅಮ್ಮನ ಪ್ಲೇಟನ್ನೇ ಬಟ್ಟೆ ಸುತ್ತಿ ಸಾಹೇಬರ ಕೈಗೆ ಕೊಟ್ಟರು. "ಬೇಡ ಆಪಾ, ಸ್ವಲ್ಪ ದಿನ ತಡೀರಿ" ಅಂದೆ. "ತಡೆಯೋಕೆ ಆಗಲ್ಲ" ಅಂದರು.

ಸಂಜೆ ಪ್ಲೇಟು ಬಂತು. ಮಾರನೇ ದಿನ ಮಧ್ಯಾಹ್ನ ನನ್ನನ್ನ ಕರೆದರು. ಹೋಗಿ ನೋಡಿದರೆ ಆಪಾ ಮುಖ ಬಿಳಿಚಿಕೊಂಡಿದೆ. ಕೂದಲು ಬಾಚಿಲ್ಲ. ಗ್ರಾಮಫೋನಿಗೆ ಕೀಲಿ ಕೊಟ್ಟು ಪ್ಲೇಟು ಹಾಕೋದು, ಎರಡನೇ ಸಾಲು ಬರುತ್ತಲೇ ಕೆನ್ನೆ ಒತ್ತೋದು, ಮುಳ್ಳು ಎತ್ತಿ ಮತ್ತೆ ಮೊದಲಿಗೆ ಇಡೋದು. ಹೀಗೇ ಮಾಡುತ್ತಿದ್ದರು.

"ಛೋಟಿ, ಇಳಿಯೋ ಜಾಗ ಬಂತಾ ಈಗ?"

"ಬಂದಿರುತ್ತೆ, ಬಿಡಿ. ನಾನು ಅಂಗಡಿಯಲ್ಲೇ ಕೇಳಿದ್ದೀನಲ್ಲ" ಅಂದೆ. ಸರಿಯಾಗಿ ಕಿವಿಗೊಟ್ಟಿರಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ.

"ನನಗೆ ಬರ್ಲಿಲ್ಲ" ಅಂದರು. "ಹಾಗಾದ್ರೆ ಇದೂ ಹೋಯ್ತು."

ಏನು ಹೋಯ್ತು ಅಂತ ಕೇಳಿದೆ. ಆಗ ಹೇಳಿದರು. ಅವರ ಬಲಗಿವಿ ನಾನು ಆ ಬೀದಿಗೆ ಬರೋ ಮುಂಚೆಯೇ ಸತ್ತುಹೋಗಿತ್ತು. ಅವರ ಅಮ್ಮನಿಗೂ ಹೀಗೇ ಆಗಿತ್ತು, ಚಿಕ್ಕಮ್ಮನಿಗೂ. ಅವರ ತಾಯಿ ಕಡೆಯ ಹೆಂಗಸರಿಗೆ ನಡುವಯಸ್ಸಿನ ಹೊತ್ತಿಗೆ ಒಂದು ಕಿವಿ, ಆಮೇಲೆ ಇನ್ನೊಂದು. ಡಾಕ್ಟರು, ಹಕೀಮರು ಎಲ್ಲಾ ಆಗಿ, ಕೊನೆಗೆ ಬೆಳ್ಳುಳ್ಳಿ ಎಣ್ಣೆಗೆ ಬಂದು ನಿಂತಿದ್ದರು. ಎಡಗಿವಿ ಇರೋ ತನಕ ಎಷ್ಟು ಆಗುತ್ತೋ ಅಷ್ಟು ಕೇಳಿ ಒಳಗೆ ಹಾಕಿಕೊಂಡರೆ, ಆಮೇಲೆ ಕೂತು ಒಳಗಿಂದಲೇ ಕೇಳಿಕೊಳ್ಳಬಹುದು ಅನ್ನೋದು ಅವರ ಲೆಕ್ಕ. ಕೇಳಿದ್ದನ್ನೇ ಕೇಳುತ್ತಾ ಕೂರೋಕೆ ಅವರಿಗೆ ಪುರುಸೊತ್ತು ಎಲ್ಲಿ? ಅಮ್ಮ ಪೂರ್ತಿ ಕಿವುಡಾಗೋ ಮುಂಚೆ ಕೇಳಿದ ಕಡೇ ಹಾಡು ಆ ಬೂದು ಪ್ಲೇಟಿನಲ್ಲಿತ್ತು...

ನನಗೆ ಸಿಟ್ಟು ಬಂತು. ಇಷ್ಟು ದಿನ ಗೋಡೆಗೆ ಬಾಯಿ ಇಟ್ಟು ಹಾಡಿದವಳಿಗೆ ಒಂದು ಮಾತು ಹೇಳಬಾರದಾ? ಹಾಗಂತ ಅವರ ಮುಖಕ್ಕೇ ಅಂದೆ.

"ಹೇಳಿದ್ರೆ ನೀನು ಜೋರಾಗಿ ಹಾಡ್ತಿದ್ದೆ" ಅಂದರು. "ಜೋರಾಗಿ ಹಾಡಿದ್ರೆ ಹಾಡು ಕೆಡುತ್ತೆ ಛೋಟಿ."

ನಾನೇ ಕೀಲಿ ಕೊಟ್ಟು, ಪ್ಲೇಟು ಹಾಕಿ, ಈ ಸಲ ಬೇರೆ ಏನನ್ನೂ ನೋಡದೆ ಕೇಳಿದೆ. ಎರಡನೇ ಸಾಲು ಬಂತು. ಆ ಹೆಂಗಸಿನ ದನಿ ಮೇಲೆ ಹೋಯ್ತು, ತಡೆಯಲೇ ಇಲ್ಲ, ತೂಗಲೇ ಇಲ್ಲ, ಜಾರುಬಂಡೆಯಲ್ಲಿ ಇಳಿದ ಹಾಗೆ ನೆಟ್ಟಗೆ ಕೆಳಗೆ ಬಂತು. ಇನ್ನೊಂದು ಸಲ ಹಾಕಿದೆ. ಮತ್ತೂ ಹಾಗೇ. ಮೆಟ್ಟಿಲು ಒಂದೂ ಇಲ್ಲ.

ಹಾಗಾದರೆ ಮೆಟ್ಟಿಲು ಕಟ್ಟಿದ್ದು ಯಾರು? ನಾನೇ! ಹಲಸೂರಿನ ಭಜನೆ ಮನೆಯಲ್ಲಿ ಚಿಕ್ಕಂದಿನಲ್ಲಿ ನನಗೆ ಪಾಠ ಆಗಿತ್ತು. ಸ್ವರವನ್ನ ನೆಟ್ಟಗೆ ಬಿಟ್ಟರೆ ನಮ್ಮ ಪಾಠದ ಅಮ್ಮ ತೊಡೆ ಚಿವುಟೋರು. "ಅಲ್ಲಾಡ್ಸೇ, ಅಲ್ಲಾಡ್ಸೇ, ಕೊರಡಿನ ಹಾಗೆ ನಿಲ್ಲಿಸ್ಬೇಡ" ಅನ್ನೋರು. ಚಿವುಟಿಸಿಕೊಂಡು ಕಲಿತದ್ದು ಮರೆಯುತ್ತಾ? ಆ ಉರ್ದು ಹಾಡನ್ನ ಮಾರ್ಕೆಟ್ಟಿನಿಂದ ಫ್ರೇಜರ್ ಟೌನಿಗೆ ತರುವಷ್ಟರಲ್ಲಿ ನನಗೇ ತಿಳಿಯದೆ ಅದನ್ನ ಅಲ್ಲಾಡಿಸಿ, ತೂಗಿಸಿ, ಹಲಸೂರಿನವಳನ್ನಾಗಿ ಮಾಡಿಬಿಟ್ಟಿದ್ದೆ.

"ಆಪಾ, ನಿಮ್ಮ ಕಿವಿಗೆ ಏನೂ ಆಗಿಲ್ಲ. ಪ್ಲೇಟಿನಲ್ಲೇ ಅದು ಇಲ್ಲ. ನಾನು ಸೇರಿಸಿದ್ದು."

ನಂಬಲಿಲ್ಲ. ನಂಬೋದಾದರೂ ಹೇಗೆ? ಈಗತಾನೆ ಕಿವಿಯ ಕಥೆ ಕೇಳಿದವಳು ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದಾಳೆ ಅಂತಲೇ ತಿಳಿದರು. "ನಕ್ಕೋ, ನನಗೆ ಕನಿಕರ ನಕ್ಕೋ" ಅಂದು ಮುಖ ತಿರುಗಿಸಿದರು. ನಾನು ಆಣೆ ಇಟ್ಟೆ, ಗದರಿದೆ. ಏನು ಮಾಡಿದರೂ ಆಗಲಿಲ್ಲ. ಕೊನೆಗೆ ಅವರನ್ನ ಎಬ್ಬಿಸಿ ಕೋಣೆಯ ಆ ತುದಿಗೆ ನಿಲ್ಲಿಸಿದೆ. ನನ್ನ ಬಾಯಿ ಕಾಣದ ಹಾಗೆ ನಾನು ಗೋಡೆಗೆ ಮುಖ ಮಾಡಿ ನಿಂತೆ. "ಈಗ ಹಾಡ್ತೀನಿ. ಯಾವುದು ನಂದು, ಯಾವುದು ಪ್ಲೇಟಿಂದು, ಹೇಳಿ" ಅಂದೆ.

ನೆಟ್ಟಗೆ ಇಳಿಸಿ ಹಾಡಿದೆ. ಅವರಿಗೆ ಕೇಳುವಷ್ಟು ಮಾತ್ರ, ಜೋರಾಗಿ ಅಲ್ಲ. ಹಿಂದಿನಿಂದ ಏನೂ ಬರಲಿಲ್ಲ. ಇವರಿಗೆ ನಿಜವಾಗಿಯೂ ಕೇಳಿಸದೆ ಹೋದರೆ, ಇಂಥ ಪರೀಕ್ಷೆ ಇಟ್ಟ ನನ್ನನ್ನ ಏನು ಅನ್ನಬೇಕು ಅನ್ನಿಸಿತು.

"ಅದು ಪ್ಲೇಟಿಂದು" ಅಂದರು ಆಪಾ.

ತೂಗಿಸಿ ಹಾಡಿದೆ.

"ಇದು ನಿಂದು."

ಮತ್ತೆ ಅದನ್ನೇ ಹಾಡಿದೆ, ಮೋಸ ಮಾಡೋಣ ಅಂತ. "ಇದೂ ನಿಂದೇ!" ಅಂದರು. ನೆಟ್ಟಗೆ ಹಾಡಿದೆ. "ಪ್ಲೇಟಿಂದು, ಪ್ಲೇಟಿಂದು." ದನಿಯಲ್ಲಿ ನಗು ಬರುತ್ತಿತ್ತು. ತಿರುಗಿ ನೋಡಿದರೆ ಆಪಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು, ಚಿಕ್ಕ ಹುಡುಗಿ ಹಾಗೆ ನಿಂತಿದ್ದರು. ಕಣ್ಣಲ್ಲಿ ನೀರು. ನನಗೂ ಬಂತು. ಇಬ್ಬರೂ ಜಮಖಾನದ ಮೇಲೆ ಕುಸಿದು ಕೂತು ನಕ್ಕಿದ್ದೇ ನಕ್ಕಿದ್ದು.

ಅಮ್ಮನ ಪ್ಲೇಟು ನೆನಪಾಗಿ ನಾನು ಅವತ್ತೇ ಅಂಗಡಿಗೆ ಓಡಿದೆ. ಮೂಟೆ ಬೆಳಿಗ್ಗೆಯೇ ರೈಲಿಗೆ ಹೋಗಿತ್ತು. "ಕರಗಿಸೋಕೆ ಕೊಟ್ಟಿದ್ದನ್ನ ವಾಪಸು ಕೇಳ್ತಾರಾಮ್ಮ ಯಾರಾದ್ರೂ?" ಅಂದರು ಅಂಗಡಿಯವರು. ಬರಿಗೈಯಲ್ಲಿ ಬಂದು ತಲೆ ತಗ್ಗಿಸಿ ನಿಂತೆ. ಆಪಾ, "ಅದು ಯಾವತ್ತೋ ಅಂದರ್ ಹೋಗಿದೆ" ಅಂದರು. ಆಮೇಲೆ ಹೊಸ ಪ್ಲೇಟಿನ ಕಡೆ ನೋಡಿ, "ನಿಂದೇ ಸರಿ ಛೋಟಿ. ಪ್ಲೇಟಿನೋಳೇ ತಪ್ಪು ಹಾಡಿದಾಳೆ" ಅಂದರು. ಅಷ್ಟು ದುಬಾರಿ ಬಿದ್ದ ಆ ಪ್ಲೇಟನ್ನ ಮುಂದಿನ ಸಲವೇ ಕೊಟ್ಟು ಬೇರೆ ತರಿಸಿಕೊಂಡರು.

ಅಲ್ಲಿಂದ ಮುಂದೆ ನಮ್ಮದು ಓಟ. ತರಕಾರಿ ಇರಲಿ ಇಲ್ಲದಿರಲಿ, ನಾನು ದಂಡಿಗೆ ಹೋಗುತ್ತಿದ್ದೆ. ತಮಿಳು, ತೆಲುಗು, ಬಂಗಾಳಿ, ಇಂಗ್ಲಿಷಿನ ಬ್ಯಾಂಡು, ಯಾವುದನ್ನೂ ಬಿಡಲಿಲ್ಲ. ಅಲ್ಲಾಡಿಸದೆ ತರಬೇಕು ಅಂತ ಗಟ್ಟಿ ಮನಸ್ಸು ಮಾಡಿದರೂ ಅಷ್ಟಿಷ್ಟು ಅಲ್ಲಾಡುತ್ತಲೇ ಇತ್ತು. "ಇದರಲ್ಲಿ ಎಷ್ಟು ನಿಂದು?" ಅಂತ ಆಪಾ ಮೊದಲೇ ಕೇಳಿಕೊಳ್ಳೋರು. ಯುದ್ಧ ಮುಗೀತು. ಬಾಂಬಿನ ಭಯಕ್ಕೆ ದೀಪ ಹೊರಗೆ ಕಾಣದ ಹಾಗೆ ಕಿಟಕಿ ಗಾಜಿಗೆ ಅಂಟಿಸಿದ್ದ ಕರೀ ಕಾಗದ ಕೆರೆದು ತೆಗೆದೆವು. ಹೊಸ ಪ್ಲೇಟುಗಳು ಧಾರಾಳವಾಗಿ ಬಂದವು, ಹಳೇದು ಕೊಡಬೇಕು ಅನ್ನೋ ಕಟ್ಟಳೆಯೂ ಹೋಯ್ತು. ಆ ಹೊತ್ತಿಗೆ ಆಪಾರ ಕಿವಿ ನಿಜವಾಗಿಯೂ ಸಣ್ಣಗಾಗುತ್ತಿತ್ತು...

ಒಂದು ಬೆಳಿಗ್ಗೆ ಗೋಡೆಯ ಸಂದಿಯಲ್ಲಿ ಹಾಡಿದೆ. ಆಚೆ ಬಾಲಿ ಹಾಕಿದ ಕಿವಿ ಕಾಣುತ್ತಿತ್ತು. ಹಾಡು ಮುಗಿಸಿ ಕಾದೆ. ಕಿವಿ ಹಾಗೇ ಇತ್ತು, ನಾನು ಇನ್ನೂ ಶುರು ಮಾಡಿಲ್ಲ ಅನ್ನೋ ಹಾಗೆ. ಇನ್ನೊಂದು ಸಲ ಹಾಡಿದೆ. ಜೋರಾಗಿ ಹಾಡಬೇಕು ಅಂತ ಗಂಟಲ ತನಕ ಬಂತು. ಹಾಡಲಿಲ್ಲ. ಹಾಡು ಕೆಡುತ್ತೆ ಅಂದಿದ್ದರಲ್ಲ.

ಸಾಹೇಬರು ಮಾತ್ರ ಪ್ಲೇಟು ತರೋದನ್ನ ನಿಲ್ಲಿಸಲಿಲ್ಲ. ಆರಿಸಿಕೊಡೋಕೆ ನಾನು ಬೇಕಾಗಿರಲಿಲ್ಲ, ಯಾವುದಾದರೂ ಆಗುತ್ತಿತ್ತು. ಕರೀ ರೊಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಬರೋರು, ತಾವೇ ಕೀಲಿ ಕೊಡೋರು. ಆಪಾ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕೂರೋರು. ಒಬ್ಬರಿಗೆ ಕಿವಿ ಇಲ್ಲ, ಇನ್ನೊಬ್ಬರಿಗೆ ಕಿವಿ ಇದ್ದೂ ತಿಳಿಯದು. ಇಬ್ಬರೂ ಪ್ಲೇಟು ಮುಗಿಯೋ ತನಕ ಏಳುತ್ತಿರಲಿಲ್ಲ. ನನಗೆ ಅದನ್ನ ನೋಡೋಕೆ ಆಗುತ್ತಿರಲಿಲ್ಲ, ಏನೋ ಕೆಲಸ ಹೇಳಿ ಎದ್ದು ಬಂದುಬಿಡುತ್ತಿದ್ದೆ.

ನಾವು ಆಮೇಲೆ ಜೋಗುಪಾಳ್ಯಕ್ಕೆ ಮನೆ ಬದಲಾಯಿಸಿದೆವು. ಕಾರ್ಖಾನೆಗೂ ಹತ್ತಿರ, ನಮ್ಮಮ್ಮ ಇರೋ ಹಲಸೂರಿಗೂ ಹತ್ತಿರ. ಮಗು ಕಂಕುಳಿಗೆ ಬಂತು, ಓಡಾಟ ಕಡಿಮೆ ಆಯ್ತು. ಬಹಳ ದಿನ ಬಿಟ್ಟು ಒಂದು ಮಧ್ಯಾಹ್ನ ಫ್ರೇಜರ್ ಟೌನಿಗೆ ಹೋದೆ. ಬಾಗಿಲು ತಟ್ಟಿದರೆ ಆಪಾಗೆ ಹೇಗೆ ತಿಳಿಯಬೇಕು? ನೇರವಾಗಿ ಹಿತ್ತಲಿಗೇ ಹೋದೆ. ಬೆಳ್ಳುಳ್ಳಿ ಎಣ್ಣೆಯ ವಾಸನೆ ಇರಲಿಲ್ಲ. ಅದನ್ನ ಬಿಟ್ಟಿದ್ದರು ಅಂತ ಕಾಣುತ್ತೆ. ಆಪಾ ನನಗೆ ಬೆನ್ನು ಮಾಡಿ ಕೂತು, ಮೊರದಲ್ಲಿ ಅಕ್ಕಿ ಆರಿಸುತ್ತಾ ಹಾಡಿಕೊಳ್ಳುತ್ತಿದ್ದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದು ಅಂತ ತಿಳಿಯಲ್ಲ ನೋಡಿ, ಬೀದಿಗೆ ಕೇಳೋ ಹಾಗಿತ್ತು. ಅದೇ ಹಾಡು. ಬಾಗಿಲು ತೆರೆದಿಟ್ಟ ಹಾಡು. ನಾನು ನಿಂತಲ್ಲೇ ನಿಂತೆ. ಎರಡನೇ ಸಾಲು ಬಂತು, ದನಿ ಮೇಲೆ ಹೋಯ್ತು, ತಡೆಯಿತು, ತೂಗಿತು, ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು.

ಎದುರಿಗೆ ಹೋಗಿ ಕೂತೆ. "ಯಾವಾಗ ಬಂದೆ ಛೋಟಿ!" ಅಂತ ಕೂಗಿ, ಮೊರ ಬಿಟ್ಟು ಅಪ್ಪಿಕೊಂಡರು. ಮಗುವಿನ ಕೆನ್ನೆ ಹಿಂಡಿದರು. ನಾನು ನನ್ನ ಗಂಟಲು ಮುಟ್ಟಿ, ಅವರ ಕಡೆ ಕೈ ತೋರಿಸಿ, ಏನು ಹಾಡ್ತಿದ್ರಿ ಅಂತ ಸನ್ನೆ ಮಾಡಿ ಕೇಳಿದೆ. ಹಾಡುತ್ತಿದ್ದೆ ಅಂತ ಅವರಿಗೇ ಗೊತ್ತಿರಲಿಲ್ಲವೋ ಏನೋ, ನಾಚಿಕೊಂಡರು. ಆಮೇಲೆ ಹೇಳಿದರು.

"ಪ್ಲೇಟಿಂದು ಎಲ್ಲಾ ಒಂದೊಂದೇ ಹೋಗ್ತಾ ಇದೆ ಮಾ. ನಿಂದು ಅಂದರ್ ಇದೆ."

ಅವರ ಲೆಕ್ಕ ತಪ್ಪಿತ್ತು. ಹೊಟ್ಟೆಬಾಕಿಯ ಹಾಗೆ ಒಳಗೆ ತುಂಬಿಕೊಂಡ ಅಷ್ಟೂ ಪ್ಲೇಟುಗಳು ಮರೆತುಹೋಗುತ್ತಿದ್ದವು. ಗೋಡೆಗೆ ಕಿವಿ ಇಟ್ಟು ಕೇಳಿದ್ದು ಮಾತ್ರ ಉಳಿದಿತ್ತು, ಅದೂ ಹಲಸೂರಿನ ಚಿವುಟು ಪಾಠದ ಸಮೇತ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ದುಃಖಕ್ಕೋ ಹೆಮ್ಮೆಗೋ, ಈಗಲೂ ಹೇಳಲಾರೆ.

ನಾನು ಆಪಾರನ್ನ ನೋಡಿದ್ದು ಅದೇ ಕಡೇ ಸಲ. ಸಾಹೇಬರು ತೀರಿಕೊಂಡ ಮೇಲೆ ಆಪಾರನ್ನ ಅವರ ತಮ್ಮ ಬಂದು ಆಂಬೂರಿನ ಕಡೆ ಕರೆದುಕೊಂಡು ಹೋದರು ಅಂತ ಕೇಳಿದೆ. ಆಮೇಲೆ ಸುದ್ದಿ ಇಲ್ಲ. ಆ ಮನೆ, ಆ ಹಿತ್ತಲು, ಆ ಗೋಡೆ ಒಂದೂ ಈಗಿಲ್ಲ. ಆಪಾ ನನಗಿಂತ ಎಷ್ಟೋ ದೊಡ್ಡವರು. ಈಗ ಇರೋದು ಸಾಧ್ಯವೇ ಇಲ್ಲ, ಅದನ್ನ ನನಗೆ ಯಾರೂ ಬಂದು ಹೇಳಬೇಕಾಗಿಲ್ಲ.

ಸೊಸೆ ಎಣ್ಣೆ ಆರಿಸಿಕೊಂಡು ಬಂದು, ನನ್ನನ್ನ ಎಡಮಗ್ಗುಲಿಗೆ ಮಲಗಿಸಿ, ಹತ್ತಿಯಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟಳು. ಬೆಚ್ಚಗೆ ಒಳಗೆ ಇಳಿಯಿತು. ಸುಮ್ಮನೆ ಮಲಗಿದ್ದೀನಿ ಅಂದುಕೊಂಡಿದ್ದೆ. ಅವಳು ಬಗ್ಗಿ, ನನ್ನ ಭುಜ ಅಲ್ಲಾಡಿಸಿ, "ಅತ್ತೆ, ಏನು ಇಷ್ಟು ಜೋರಾಗಿ ಹಾಡ್ತಾ ಇದೀರಾ? ಯಾವ ಹಾಡು ಅದು, ಚೆನ್ನಾಗಿದೆ" ಅಂದಳು.

"ಹಳೇ ಪ್ಲೇಟಿಂದು ಕಣಮ್ಮ" ಅಂದೆ. ಹಾಗಂದಿದ್ದು ಸರಿಯಲ್ಲ ಅನ್ನಿಸಿತು. "ಪ್ಲೇಟಿನಲ್ಲಿ ಹೀಗಿಲ್ಲ. ಅವಳು ತಪ್ಪು ಹಾಡಿದಾಳೆ" ಅಂದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ನಕ್ಕು ಸೌಟು ತೊಳೆಯೋಕೆ ಹೋದಳು. ನಿಂದೇ ಸರಿ ಅಂತ ಹೇಳೋಕೆ ಇದ್ದವರು ಒಬ್ಬರೇ.